ಲೈನ್‌ಮನೆ ತುಂಬಿದೆ, ಜಿಲ್ಲೆ ಮಾತ್ರ ಬೆಳೆದಿಲ್ಲ: ಕೊಡಗಿನ ಜನಸಂಖ್ಯೆಯನ್ನು ಓದುವುದು ಹೇಗೆ?

ಪ್ರಶ್ನೆ: ಸೋಮವಾರಪೇಟೆ ಕಡೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಜನಸಂಖ್ಯಾ ಸ್ಫೋಟದ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗ ಎದ್ದು ನಿಂತು, "ಮಿಸ್, ನಮ್ಮ ಜಿಲ್ಲೆಯಲ್ಲಿ ಜನ ಹೆಚ್ಚಾಗಿಯೇ ಇಲ್ಲವಂತೆ. ಹಾಗಾದರೆ ನಮ್ಮ ತೋಟದ ಲೈನ್‌ಮನೆ ತುಂಬಿರೋದು ಹೇಗೆ?" ಎಂದು ಕೇಳಿದ. (ಲೈನ್‌ಮನೆ ಎಂದರೆ ತೋಟದ ಕೆಲಸಗಾರರು ವಾಸಿಸುವ ಸಾಲುಮನೆ.) ಸರಿಯಾದ ಉತ್ತರ ಹೊಳೆಯಲಿಲ್ಲ. ಕೊಡಗಿನಲ್ಲಿ ಜನಸಾಂದ್ರತೆ ಕಡಿಮೆ ಎನ್ನುತ್ತಾರೆ, ಆದರೆ ಮನೆ ಕಟ್ಟಲು ಜಾಗ ಹುಡುಕಿದರೆ ಸಿಗುವುದಿಲ್ಲ. ಸಾಂದ್ರತೆ, ಸಹಜ ಹೆಚ್ಚಳ, ಜನಸಂಖ್ಯಾ ಪರಿವರ್ತನೆ, ವಲಸೆ, ಲಿಂಗಾನುಪಾತ ಇವನ್ನೆಲ್ಲ ನಮ್ಮ ಜಿಲ್ಲೆಯನ್ನೇ ಇಟ್ಟುಕೊಂಡು ವಿವರಿಸಬಹುದೇ? ಮಕ್ಕಳ ಕೈಯಲ್ಲಿ ಏನಾದರೂ ಮಾಡಿಸಬಹುದೇ?

ಉತ್ತರ: ಮೇಡಂ, ಆ ಹುಡುಗನ ಪ್ರಶ್ನೆ ಪಾಠಕ್ಕಿಂತ ಚೆನ್ನಾಗಿದೆ. ಅವನು ಹೇಳಿದ ಎರಡು ಮಾತೂ ನಿಜ. 2001ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,48,561. 2011ರಲ್ಲಿ 5,54,519. ಹತ್ತು ವರ್ಷಕ್ಕೆ ಹೆಚ್ಚಾದದ್ದು 5,958 ಜನ, ಅಂದರೆ ಶೇ 1.09. ಅದೇ ಹತ್ತು ವರ್ಷದಲ್ಲಿ ಕರ್ನಾಟಕ ಶೇ 15.6ರಷ್ಟು ಬೆಳೆದಿತ್ತು. ಲೈನ್‌ಮನೆಗಳೂ ತುಂಬಿಯೇ ಇದ್ದವು. ಇವೆರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಎಂದು ಮಕ್ಕಳಿಗೆ ಅರ್ಥವಾದರೆ ನೀವು ಕೇಳಿದ ಪರಿಕಲ್ಪನೆಗಳಲ್ಲಿ ಮುಕ್ಕಾಲು ಪಾಲು ತಾನಾಗಿಯೇ ತಲೆಗೆ ಹತ್ತುತ್ತದೆ.

ಒಂದು ಊರಿನ ಜನಸಂಖ್ಯೆ ಬದಲಾಗುವುದು ನಾಲ್ಕೇ ದಾರಿಯಲ್ಲಿ. ಹುಟ್ಟಬೇಕು, ಸಾಯಬೇಕು, ಹೊರಗಿನಿಂದ ಬರಬೇಕು, ಇಲ್ಲವೇ ಹೊರಗೆ ಹೋಗಬೇಕು. ಹುಟ್ಟಿನಲ್ಲಿ ಸಾವನ್ನು ಕಳೆದರೆ ಉಳಿಯುವುದು ಸಹಜ ಹೆಚ್ಚಳ. ಬಂದವರಲ್ಲಿ ಹೋದವರನ್ನು ಕಳೆದರೆ ನಿವ್ವಳ ವಲಸೆ. ಇವೆರಡನ್ನು ಹಿಂದಿನ ಜನಸಂಖ್ಯೆಗೆ ಕೂಡಿಸಿದರೆ ಇಂದಿನದು ಬರುತ್ತದೆ. ಜನಸಂಖ್ಯಾ ಶಾಸ್ತ್ರದವರು ಇದನ್ನು ಸಮತೋಲನ ಸಮೀಕರಣ ಎನ್ನುತ್ತಾರೆ. ಹೆಸರು ದೊಡ್ಡದು, ಲೆಕ್ಕ ಮೂರನೇ ತರಗತಿಯದು.

ಇದನ್ನೇ ಕೊಡಗಿಗೆ ಹಾಕಿ ನೋಡೋಣ. ಲೆಕ್ಕಕ್ಕೆಂದು ಮಾತ್ರ, ವರ್ಷಕ್ಕೆ ಸಾವಿರ ಜನರಿಗೆ 15 ಹುಟ್ಟು, 7 ಸಾವು ಎಂದು ಹಿಡಿಯಿರಿ. ಇದು ಜಿಲ್ಲೆಯ ಅಧಿಕೃತ ಅಂಕಿಯಲ್ಲ, ಬೋರ್ಡಿನ ಮೇಲೆ ಬರೆಯಲು ಇಟ್ಟುಕೊಂಡದ್ದು. ಸಾವಿರಕ್ಕೆ 8ರಂತೆ ಐದೂವರೆ ಲಕ್ಷ ಜನರಿಗೆ ವರ್ಷಕ್ಕೆ 4,400, ಹತ್ತು ವರ್ಷಕ್ಕೆ 44,000 ಜನ ಹೆಚ್ಚಾಗಬೇಕು. ಆಗಿರುವುದು ಆರು ಸಾವಿರ. ಉಳಿದ 38,000 ಎಲ್ಲಿ? ಜಿಲ್ಲೆ ಬಿಟ್ಟು ಹೋದರು. ಅದೂ ನಿವ್ವಳ ಲೆಕ್ಕ. ಒಳಗೆ 30,000 ಜನ ಬಂದಿದ್ದರೆ ಹೊರಗೆ ಹೋದವರು 68,000 ಎಂದಾಯಿತು. ಹುಟ್ಟು-ಸಾವಿನ ದರವನ್ನು ಸ್ವಲ್ಪ ಆಚೀಚೆ ಮಾಡಿಸಿ, ಮಕ್ಕಳೇ ಕೂಡಿ ಕಳೆಯಲಿ. ಯಾವ ಸಾಮಾನ್ಯ ದರ ಹಾಕಿದರೂ ಕೊಡಗಿನಿಂದ ಹೋದವರು ಬಂದವರಿಗಿಂತ ಹೆಚ್ಚು ಎಂಬ ಉತ್ತರ ಬದಲಾಗುವುದಿಲ್ಲ.

ಹಾಗಾಗಿ ಲೈನ್‌ಮನೆ ತುಂಬಿರುವುದಕ್ಕೂ ಜಿಲ್ಲೆ ಬೆಳೆಯದಿರುವುದಕ್ಕೂ ಜಗಳವಿಲ್ಲ. ಒಂದು ಕಡೆ ಅಸ್ಸಾಂ, ಪಶ್ಚಿಮ ಬಂಗಾಳದಿಂದ ಗಂಡ-ಹೆಂಡತಿ ಮಕ್ಕಳ ಸಮೇತ ಬಂದು ಇಳಿಯುತ್ತಿದ್ದಾರೆ. ಇನ್ನೊಂದು ಕಡೆ ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಪಿಯುಸಿ ಮುಗಿಸಿದವರು ಮೈಸೂರು, ಬೆಂಗಳೂರಿನ ಬಸ್ಸು ಹತ್ತುತ್ತಿದ್ದಾರೆ. ಐನ್‌ಮನೆಯಲ್ಲಿ, ಅಂದರೆ ಮನೆತನದ ಮೂಲಮನೆಯಲ್ಲಿ, ಪುತ್ತರಿ ಸುಗ್ಗಿ ಹಬ್ಬಕ್ಕೆ ಮಾತ್ರ ಜನ ತುಂಬುತ್ತಾರೆ. ಜನಸಂಖ್ಯೆ ನಿಂತಂತೆ ಕಾಣುತ್ತದೆ, ಒಳಗೆ ಜನರೇ ಬದಲಾಗುತ್ತಿರುತ್ತಾರೆ. ಕೊಡಗಿನ ಜನಸಂಖ್ಯೆಯನ್ನು ಹುಟ್ಟು-ಸಾವಿನಿಂದ ಓದಲು ಹೋದರೆ ಏನೂ ಸಿಗುವುದಿಲ್ಲ, ಓಡಾಟದಿಂದ ಓದಬೇಕು. ನಾನು ಹೇಳಬೇಕಾದ ಮುಖ್ಯ ಮಾತು ಇದೊಂದೇ. ಮುಂದಿನದೆಲ್ಲ ಇದರ ವಿಸ್ತಾರ.

ಇಲ್ಲಿ ಎಣಿಕೆಯ ವಿಷಯವನ್ನೂ ಮಕ್ಕಳಿಗೆ ಹೇಳಿ. 2011ರ ಜನಗಣತಿಯಲ್ಲಿ ಮನೆಮನೆಯ ಎಣಿಕೆ ಫೆಬ್ರುವರಿ 9ರಿಂದ 28ರವರೆಗೆ ನಡೆಯಿತು, ಮಾರ್ಚ್ 1ರಿಂದ 5ರವರೆಗೆ ಮರುಪರಿಶೀಲನೆ. ದಕ್ಷಿಣ ಕೊಡಗಿನಲ್ಲಿ ಅದು ರೊಬಸ್ಟಾ ಕೊಯ್ಲಿನ ಕಾಲ. ಗಣತಿಗೆ ಹೋದ ಮೇಷ್ಟ್ರು ತೋಟಕ್ಕೆ ಹೋಗಿ ನಿಂತರೆ ಹಗಲಿನಲ್ಲಿ ಲೈನ್‌ಮನೆ ಖಾಲಿ, ಎಲ್ಲರೂ ಕಾಫಿ ಕೊಯ್ಯಲು ಹೋಗಿರುತ್ತಾರೆ. ಸಂಜೆ ಕಣದಲ್ಲಿ ಚೀಲ ತೂಗುವ ಹೊತ್ತಿಗೆ ಹೋದರೆ ಸಿಗುತ್ತಾರೆ, ಆದರೆ ಭಾಷೆ ಬಾರದು. ತೋಟದ ಲೆಕ್ಕ ಬರೆಯುವ ರೈಟರು ಹೇಳಿದ್ದೇ ಉತ್ತರ. ಬೆಳಿಗ್ಗೆ ಪಿರಿಯಾಪಟ್ಟಣ, ಹುಣಸೂರು ಕಡೆಯಿಂದ ಜೀಪಿನಲ್ಲಿ ತುಂಬಿಕೊಂಡು ಬಂದು ಸಂಜೆ ಹಿಂದಿರುಗುವ ಆಳುಗಳು ಕೊಡಗಿನ ಲೆಕ್ಕಕ್ಕೆ ಬರುವುದೇ ಇಲ್ಲ, ಬರಲೂ ಬಾರದು. ಅವರದು ವಲಸೆಯಲ್ಲ, ದಿನದ ಓಡಾಟ. ವಲಸೆ ಎಂದರೆ ವಾಸದ ಜಾಗವೇ ಬದಲಾಗಬೇಕು. ಕೊಯ್ಲಿಗೆ ಬಂದು ಮಳೆಗಾಲಕ್ಕೆ ಹೋಗುವವರು ಇವೆರಡರ ಮಧ್ಯೆ ನಿಲ್ಲುತ್ತಾರೆ. ಅವರಿಗೆ ಋತುಮಾನದ ವಲಸಿಗರು ಎನ್ನುತ್ತೇವೆ. ಯಾವ ತಿಂಗಳು ಎಣಿಸಿದಿರಿ ಎಂಬುದರ ಮೇಲೆ ಅವರ ಅಂಕಿ ಏರುತ್ತದೆ, ಇಳಿಯುತ್ತದೆ.

ಈಗ ಸಾಂದ್ರತೆ. 5,54,519 ಜನರನ್ನು ಜಿಲ್ಲೆಯ 4,102 ಚದರ ಕಿಲೋಮೀಟರ್‌ನಿಂದ ಭಾಗಿಸಿದರೆ 135 ಬರುತ್ತದೆ. ರಾಜ್ಯದ ಸರಾಸರಿ 319. ಬೆಂಗಳೂರು ನಗರ ಜಿಲ್ಲೆಯದು 4,000 ದಾಟಿತ್ತು. ಇದು ಅಂಕಗಣಿತ ಸಾಂದ್ರತೆ. ಇರುವ ಸಾಂದ್ರತೆಗಳಲ್ಲೆಲ್ಲ ಸುಲಭದ್ದು, ಅಷ್ಟೇ ಬಡವಾದದ್ದು. ಜನ ನೆಲದ ಮೇಲೆ ಸಮನಾಗಿ ಹರಡಿದ್ದಾರೆ ಎಂದು ಅದು ನಟಿಸುತ್ತದೆ. ಆದರೆ ಪುಷ್ಪಗಿರಿ ಅಭಯಾರಣ್ಯ 102 ಚದರ ಕಿಲೋಮೀಟರ್, ತಲಕಾವೇರಿ 105, ಬ್ರಹ್ಮಗಿರಿ 181. ನಾಗರಹೊಳೆಯ ಒಂದು ಭಾಗವೂ ನಮ್ಮದೇ. ಇವಲ್ಲದೆ ಮೀಸಲು ಅರಣ್ಯ, ದೇವರಕಾಡು, ಹುಲ್ಲುಬೆಟ್ಟ, ಹಾರಂಗಿ ಜಲಾಶಯದಲ್ಲಿ ಮುಳುಗಿದ ನೆಲ. ಉದಾಹರಣೆಗೆ ಜಿಲ್ಲೆಯ ಮೂರನೇ ಒಂದು ಭಾಗವನ್ನು ಹೀಗೆ ಬದಿಗಿಟ್ಟು ಮತ್ತೆ ಭಾಗಿಸಿದರೆ 135 ಇದ್ದದ್ದು 203 ಆಗುತ್ತದೆ. ಉಳಿದ ನೆಲದ ಬಹುಪಾಲು ಕಾಫಿ ತೋಟ. ತೋಟ ಒಡೆದು ಸೈಟು ಮಾಡುವುದೂ ಸುಲಭವಲ್ಲ, ಮಾಡಬೇಕೆಂದು ನಾನು ಹೇಳುವುದೂ ಇಲ್ಲ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನಾದರೆ ಒಕ್ಕದ, ಅಂದರೆ ಮನೆತನದ, ಎಲ್ಲರ ಹೆಸರೂ ಕಾಗದದಲ್ಲಿ ಕೂತಿರುತ್ತದೆ. ಜಾಗ ಸಿಗುವುದಿಲ್ಲ ಎಂಬ ನಿಮ್ಮ ದೂರಿಗೆ ಕಾರಣ ಜನ ಹೆಚ್ಚಾಗಿರುವುದಲ್ಲ, ಕೈಗೆ ಸಿಗುವ ನೆಲ ಕಡಿಮೆ ಇರುವುದು.

ಇದಕ್ಕೇ ಭೂಗೋಳಶಾಸ್ತ್ರಜ್ಞರು ಇನ್ನೆರಡು ಸಾಂದ್ರತೆಗಳನ್ನು ಇಟ್ಟುಕೊಂಡಿದ್ದಾರೆ. ಒಟ್ಟು ಜನರನ್ನು ಸಾಗುವಳಿಗೆ ಯೋಗ್ಯವಾದ ಭೂಮಿಯಿಂದ ಭಾಗಿಸಿದರೆ ಶಾರೀರಿಕ ಸಾಂದ್ರತೆ. ಬೇಸಾಯ ಮಾಡುವವರನ್ನು ಮಾತ್ರ ಅದೇ ಭೂಮಿಯಿಂದ ಭಾಗಿಸಿದರೆ ಕೃಷಿ ಸಾಂದ್ರತೆ. ಮೊದಲನೆಯದಕ್ಕೆ ಈಜಿಪ್ಟ್ ಪ್ರಸಿದ್ಧ ಉದಾಹರಣೆ. ದೇಶದ ನಕ್ಷೆ ದೊಡ್ಡದು, ಆದರೆ ನೈಲ್ ನದಿಯ ದಂಡೆ ಮತ್ತು ಮುಖಜ ಭೂಮಿ ಬಿಟ್ಟರೆ ಉಳಿದದ್ದು ಮರಳು. ಹಾಗಾಗಿ ಅಲ್ಲಿನ ಅಂಕಗಣಿತ ಸಾಂದ್ರತೆಗೂ ಶಾರೀರಿಕ ಸಾಂದ್ರತೆಗೂ ಆಕಾಶ-ಭೂಮಿಯ ಅಂತರ.

ಕೃಷಿ ಸಾಂದ್ರತೆ ನಮ್ಮಲ್ಲಿ ಇನ್ನೂ ಸ್ವಾರಸ್ಯಕರ. 1798ರಲ್ಲಿ ಮಾಲ್ಥಸ್ ಬರೆದದ್ದನ್ನು ನೀವು ಪಾಠದಲ್ಲಿ ಹೇಳಿಯೇ ಇರುತ್ತೀರಿ. ಜನ ಗುಣಾಕಾರದಲ್ಲಿ ಬೆಳೆಯುತ್ತಾರೆ, ಆಹಾರ ಸಂಕಲನದಲ್ಲಿ, ಕೊನೆಗೆ ಬರ, ರೋಗ, ಯುದ್ಧವೇ ಲೆಕ್ಕ ಸರಿಮಾಡುತ್ತವೆ ಎಂದು. 1965ರಲ್ಲಿ ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ತರ್ ಬೊಸೆರಪ್ ಇದನ್ನು ತಿರುಗಿಸಿ ಹಾಕಿದರು. ಜನ ಹೆಚ್ಚಾದಾಗಲೇ ರೈತ ಅದೇ ಭೂಮಿಯಲ್ಲಿ ಹೆಚ್ಚು ದುಡಿದು, ಹೆಚ್ಚು ಸಲ ಬಿತ್ತಿ, ಹೊಸ ವಿಧಾನ ಹುಡುಕಿ ಹೆಚ್ಚು ಬೆಳೆಯುತ್ತಾನೆ ಎಂಬುದು ಅವರ ವಾದ. ನಮ್ಮ ಗದ್ದೆಗಳನ್ನು ನೋಡಿದರೆ ಬೊಸೆರಪ್ ಹೇಳಿದ್ದರ ಹಿಮ್ಮುಖ ನಡಿಗೆ ಕಾಣುತ್ತದೆ. ನಾಟಿಗೆ, ಕೊಯ್ಲಿಗೆ ಆಳು ಸಿಗದೆ ಭತ್ತದ ಗದ್ದೆ ಹಡಿಲು ಬಿದ್ದಿದೆ. ಒಂದು ಕಡೆ ಅಡಿಕೆ ಬಂತು, ಇನ್ನೊಂದು ಕಡೆ ಗುತ್ತಿಗೆಗೆ ಕೊಟ್ಟು ಶುಂಠಿ ಬಂತು. ಜನ ಹೆಚ್ಚಾಗಿ ಅನ್ನಕ್ಕೆ ಕೊರತೆಯಾದದ್ದಲ್ಲ, ಕೈ ಕಡಿಮೆಯಾಗಿ ಗದ್ದೆ ಬಿಟ್ಟದ್ದು. ಅಕ್ಕಿ ಹೊರಗಿನಿಂದ ಬರುತ್ತದೆ, ಕಾಫಿ ಹೊರಗೆ ಹೋಗುತ್ತದೆ. ಒಂದು ಜಿಲ್ಲೆಯ ಹೊರುವ ಸಾಮರ್ಥ್ಯ ಎಷ್ಟು, ಅಂದರೆ ಅದು ಎಷ್ಟು ಜನರನ್ನು ಸಾಕಬಲ್ಲದು ಎಂದು ಅದರ ಗಡಿಯೊಳಗೇ ಅಳೆಯಲು ಹೋಗುವುದು ಇಂಥ ಕಾಲದಲ್ಲಿ ಅಷ್ಟೊಂದು ಅರ್ಥದ ಕೆಲಸವಲ್ಲ. ನೀರು ಮತ್ತು ಗುಡ್ಡದ ವಿಷಯದಲ್ಲಿ ಮಾತ್ರ ಅದಕ್ಕೆ ಅರ್ಥವಿದೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದದ್ದನ್ನು ಕಂಡವರಿಗೆ ಇಳಿಜಾರು ಎಷ್ಟು ಹೊರುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಸಾಂದ್ರತೆ ಎಷ್ಟು ಎಂಬುದರ ಜೊತೆಗೆ ಜನ ಹೇಗೆ ಕೂತಿದ್ದಾರೆ ಎಂಬುದೂ ಮುಖ್ಯ. ನಿಮ್ಮ ಜಿಲ್ಲೆಯಲ್ಲೇ ಎರಡು ಮಾದರಿಯೂ ಇವೆ. ಶನಿವಾರಸಂತೆ, ಹೆಬ್ಬಾಲೆ ಕಡೆಗೆ ಹೋದರೆ ಬಯಲುಸೀಮೆಯ ಹಾಗೆ ಮನೆಗೆ ಮನೆ ತಾಗಿದ ಬೀದಿ, ನಡುವೆ ಗುಡಿ, ಊರ ಹೊರಗೆ ಹೊಲ. ಇದು ಗುಂಪು ವಸತಿ. ದಕ್ಷಿಣಕ್ಕೂ ಪಶ್ಚಿಮಕ್ಕೂ ಹೋದಂತೆ ಊರು ಎಂದು ಬೋರ್ಡು ಇರುತ್ತದೆ, ಊರು ಕಾಣುವುದಿಲ್ಲ. ಗದ್ದೆಯ ಅಂಚಿಗೊಂದು, ತೋಟದ ನಡುವೆ ಇನ್ನೊಂದು, ಗೇಟಿನಿಂದ ಅರ್ಧ ಕಿಲೋಮೀಟರ್ ಒಳಗೆ ಮತ್ತೊಂದು ಮನೆ. ಇದು ಚದುರಿದ ವಸತಿ. ಇದರ ಪರಿಣಾಮ ಕಾಗದದ ಮೇಲಿನದಲ್ಲ. ಅಷ್ಟೇ ಮಕ್ಕಳಿಗೆ ಗುಂಪು ಊರಿನಲ್ಲಿ ಒಂದು ಶಾಲೆ ಸಾಕು, ಚದುರಿದ ಊರಿನಲ್ಲಿ ಎರಡಿದ್ದರೂ ಮಗು ಮಳೆಯಲ್ಲಿ ದೂರ ನಡೆಯಬೇಕು. ವಿದ್ಯುತ್ ಕಂಬ, ನೀರಿನ ಪೈಪು, ಆಂಬುಲೆನ್ಸು ಎಲ್ಲದಕ್ಕೂ ಇದೇ ಮಾತು. ತಲಾ ಇಷ್ಟು ಮಕ್ಕಳಿಗೆ ಒಂದು ಶಾಲೆ ಎಂಬ ನಿಯಮವನ್ನು ಬಯಲುಸೀಮೆಗೆ ಅಳೆದು ಹೊಲಿಸಿ ಮಲೆನಾಡಿಗೆ ತೊಡಿಸುವುದು ನನಗಂತೂ ಒಪ್ಪಿಗೆಯಿಲ್ಲ.

ಪರಿವರ್ತನೆಯ ಸಿದ್ಧಾಂತಕ್ಕೆ ಬರೋಣ. 1929ರಲ್ಲಿ ವಾರೆನ್ ಥಾಂಪ್ಸನ್ ಸೂಚಿಸಿ, 1945ರಲ್ಲಿ ಫ್ರಾಂಕ್ ನೋಟ್‌ಸ್ಟೈನ್ ರೂಪ ಕೊಟ್ಟ ಮಾದರಿ ಇದು. ಮೊದಲು ಹುಟ್ಟೂ ಹೆಚ್ಚು, ಸಾವೂ ಹೆಚ್ಚು, ಜನಸಂಖ್ಯೆ ನಿಂತಲ್ಲೇ. ನಂತರ ಔಷಧ, ನೈರ್ಮಲ್ಯ, ಆಹಾರದಿಂದ ಸಾವು ಇಳಿಯುತ್ತದೆ, ಹುಟ್ಟು ಹಾಗೇ ಇರುತ್ತದೆ, ಜನ ಏಕಾಏಕಿ ಹೆಚ್ಚುತ್ತಾರೆ. ಆಮೇಲೆ ಹುಟ್ಟೂ ಇಳಿಯುತ್ತದೆ. ಕೊನೆಗೆ ಎರಡೂ ಕೆಳಗೆ ಬಂದು ಮತ್ತೆ ಜನಸಂಖ್ಯೆ ನಿಲ್ಲುತ್ತದೆ. ಯುರೋಪಿನ ಅನುಭವದಿಂದ ತೆಗೆದದ್ದಾದರೂ ಭಾರತಕ್ಕೂ ಸ್ಥೂಲವಾಗಿ ಹೊಂದುತ್ತದೆ. 1921ರ ಜನಗಣತಿಯನ್ನು ನಮ್ಮಲ್ಲಿ ಮಹಾ ವಿಭಜಕ ಎನ್ನುವುದು ಇದಕ್ಕೇ. 1918ರ ಇನ್‌ಫ್ಲುಯೆಂಜಾ ಸೇರಿ ಆ ದಶಕದಲ್ಲಿ ದೇಶದ ಜನಸಂಖ್ಯೆಯೇ ಇಳಿದಿತ್ತು, ಆಮೇಲೆ ಇಳಿದದ್ದಿಲ್ಲ.

ಕೊಡಗಿನ ಅಂಕಿಗಳನ್ನು ಮಕ್ಕಳಿಂದ ಗ್ರಾಫ್ ಹಾಳೆಯ ಮೇಲೆ ಬಿಡಿಸಿ. 1901ರಲ್ಲಿ 1,80,607. 1911ರಲ್ಲಿ 1,74,976. 1921ರಲ್ಲಿ 1,63,838. 1931ರಲ್ಲಿ 1,63,327. ಭಾರತ 1921ರ ನಂತರ ಏರಿದಾಗಲೂ ಕೊಡಗು ಏರಲಿಲ್ಲ. ಮೂವತ್ತು ವರ್ಷ ಒಂದೇ ಸಮನೆ ಇಳಿದ ಪ್ರದೇಶ ಇದು. ಮಲೇರಿಯಾ ಒಂದು ಕಾರಣ, ಹಳಬರ ಬಾಯಲ್ಲಿ ಅದು ಬರೀ ಚಳಿಜ್ವರ. ಇನ್ನೊಂದು ಕಾಫಿ. ಎಲೆ ತುಕ್ಕು, ಕಾಂಡಕೊರಕ, ಬೆಲೆ ಕುಸಿತ ಇವು ಬಂದಾಗಲೆಲ್ಲ ತೋಟಗಳು ಆಳು ಕಡಿಮೆ ಮಾಡುತ್ತಿದ್ದವು, ಘಟ್ಟದ ಕೆಳಗಿನಿಂದಲೂ ಮೈಸೂರು ಸೀಮೆಯಿಂದಲೂ ಬಂದವರು ಊರಿಗೆ ಮರಳುತ್ತಿದ್ದರು. 1941ರಲ್ಲಿ 1,68,726. ಅಲ್ಲಿಂದ ಗೆರೆ ನೆಟ್ಟಗೆ ಮೇಲಕ್ಕೆ. 1951ರಲ್ಲಿ 2,29,405, ಹತ್ತು ವರ್ಷಕ್ಕೆ ಶೇ 36. 1961ರಲ್ಲಿ 3,22,829, ಮತ್ತೆ ಶೇ 40ಕ್ಕೂ ಮೇಲೆ.

ಸಾವು ಇಳಿದದ್ದರಿಂದಲೇ ಇಷ್ಟು ಏರಿತು ಎಂದು ಪರಿವರ್ತನೆಯ ಮಾದರಿ ಹೇಳಬೇಕಾಗುತ್ತದೆ. ಭಾಗಶಃ ನಿಜ, ಡಿಡಿಟಿ ಸಿಂಪಡಣೆ ಬಂತು, 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಆದರೆ ಹುಟ್ಟು-ಸಾವು ಎರಡರಿಂದಲೇ ಹತ್ತು ವರ್ಷದಲ್ಲಿ ಶೇ 40 ಏರಬೇಕಾದರೆ ವರ್ಷಕ್ಕೆ ಶೇ 3.5ರಷ್ಟು ಸಹಜ ಹೆಚ್ಚಳ ಬೇಕು. ಅಂದಿನ ಭಾರತದಲ್ಲಿ ಅದು ಎಲ್ಲೂ ಇರಲಿಲ್ಲ, ದೇಶದ ಬೆಳವಣಿಗೆ ಅದರ ಅರ್ಧದ ಆಸುಪಾಸಿನಲ್ಲಿತ್ತು. ಮಿಕ್ಕವರು ನಡೆದು ಬಂದವರು. ಜ್ವರದ ಹೆದರಿಕೆ ಹೋದಂತೆ, ತೋಟಗಳು ಹಬ್ಬಿದಂತೆ ಮಲಬಾರಿನಿಂದ, ದಕ್ಷಿಣ ಕನ್ನಡದಿಂದ, ತಮಿಳುನಾಡಿನಿಂದ, ಹುಣಸೂರು-ಪಿರಿಯಾಪಟ್ಟಣದಿಂದ ಜನ ಬಂದರು. 1971ರಲ್ಲಿ 3,78,291, 1981ರಲ್ಲಿ 4,61,888, 1991ರಲ್ಲಿ 4,88,455. ಏರುಪೇರನ್ನು ಗಮನಿಸಿ, ಎಪ್ಪತ್ತರ ದಶಕದಲ್ಲಿ ಶೇ 22, ಎಂಬತ್ತರಲ್ಲಿ ಶೇ 6ಕ್ಕೂ ಕಡಿಮೆ, ತೊಂಬತ್ತರಲ್ಲಿ ಮತ್ತೆ ಶೇ 12, ಆಮೇಲೆ ಶೇ 1. ಹುಟ್ಟು-ಸಾವಿನ ದರಗಳು ಹೀಗೆ ಕುಣಿಯುವುದಿಲ್ಲ, ಅವು ನಿಧಾನಕ್ಕೆ ಬಾಗುವ ಗೆರೆಗಳು. ಗ್ರಾಫ್ ಹಲ್ಲುಹಲ್ಲಾಗಿ ಕಂಡರೆ ಅಲ್ಲಿ ಜನ ಬಂದಿದ್ದಾರೆ, ಹೋಗಿದ್ದಾರೆ ಎಂದೇ ತಿಳಿಯಿರಿ.

ಇನ್ನು ಜನಸಂಖ್ಯಾ ಸ್ಫೋಟ. ಆ ಮಾತನ್ನು ಈಗಲೂ ಹಾಗೇ ಪಾಠ ಮಾಡುವುದನ್ನು ಬಿಡುವುದು ಒಳ್ಳೆಯದು. ಒಬ್ಬ ಹೆಂಗಸಿಗೆ ಜೀವಿತದಲ್ಲಿ ಸರಾಸರಿ ಎಷ್ಟು ಮಕ್ಕಳು ಎಂಬುದು ಒಟ್ಟು ಫಲವತ್ತತೆ ದರ. ಒಂದು ಪೀಳಿಗೆ ತನ್ನಷ್ಟೇ ಇನ್ನೊಂದನ್ನು ಬಿಟ್ಟುಹೋಗಲು ಅದು ಸುಮಾರು 2.1 ಇರಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ ದರ 2.0, ಕರ್ನಾಟಕದ್ದು 1.7. ಹಾಗಿದ್ದೂ ರಾಜ್ಯದ ಜನ ತಕ್ಷಣ ಕಡಿಮೆಯಾಗುವುದಿಲ್ಲ. ಹಿಂದೆ ಹುಟ್ಟಿದ ದೊಡ್ಡ ಪೀಳಿಗೆ ಈಗ ಹೆರುವ ವಯಸ್ಸಿನಲ್ಲಿದೆ, ತಲೆಗೆ ಕಡಿಮೆ ಮಕ್ಕಳಾದರೂ ತಾಯಂದಿರೇ ಹೆಚ್ಚು. ಇದನ್ನು ಜನಸಂಖ್ಯಾ ಆವೇಗ ಎನ್ನುತ್ತಾರೆ.

ದುಪ್ಪಟ್ಟಾಗುವ ಅವಧಿ ಎಂಬ ಲೆಕ್ಕವನ್ನೂ ನಿಮ್ಮ ಮಕ್ಕಳು ಕೇಳಿರುತ್ತಾರೆ, 70ನ್ನು ವಾರ್ಷಿಕ ಬೆಳವಣಿಗೆ ದರದಿಂದ ಭಾಗಿಸುವುದು. 2001–2011ರ ದರದಲ್ಲಿ ಕರ್ನಾಟಕಕ್ಕೆ ಸುಮಾರು 48 ವರ್ಷ ಬರುತ್ತದೆ, ಕೊಡಗಿಗೆ 640ರ ಹತ್ತಿರ. ಮಕ್ಕಳು ನಗುತ್ತಾರೆ, ನಗಲಿ. ಇಂದಿನ ದರ ಎಂದೆಂದಿಗೂ ಹೀಗೇ ಇರುತ್ತದೆ ಎಂಬ ಊಹೆ ಎಷ್ಟು ಟೊಳ್ಳು ಎಂದು ಹೇಳಲು ಇದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ.

ಲಿಂಗಾನುಪಾತ ನನಗೆ ಬಹಳ ಇಷ್ಟದ ಅಂಕಿ, ಏಕೆಂದರೆ ಎಲ್ಲರೂ ಅದನ್ನು ತಪ್ಪಾಗಿ ಹೊಗಳುತ್ತಾರೆ. 2011ರಲ್ಲಿ ಕೊಡಗಿನಲ್ಲಿ ಸಾವಿರ ಗಂಡಸರಿಗೆ 1,019 ಹೆಂಗಸರು, ರಾಜ್ಯದ ಸರಾಸರಿ 973. ಕೊಡಗಿನಲ್ಲಿ ಹೆಣ್ಣಿಗೆ ಸ್ಥಾನಮಾನ ಹೆಚ್ಚು, ಅದಕ್ಕೇ ಹೀಗೆ ಎಂದು ಭಾಷಣಗಳಲ್ಲಿ ಬರುತ್ತದೆ. ಇರಬಹುದು. ಆದರೆ 1901ರಲ್ಲಿ ಇದೇ ಕೊಡಗಿನಲ್ಲಿ ಸಾವಿರ ಗಂಡಸರಿಗೆ ಸುಮಾರು 800 ಹೆಂಗಸರಿದ್ದರು. ಆಗ ಹೆಣ್ಣಿಗೆ ಸ್ಥಾನವಿರಲಿಲ್ಲವೇ? ಆಗ ತೋಟಗಳಿಗೆ ಗಂಡಾಳುಗಳು ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬರುತ್ತಿದ್ದರು. 1931ರವರೆಗೆ ದೇಶದಲ್ಲಿ ಒಂದೇ ರಾತ್ರಿ ಎಣಿಸುವ ಪದ್ಧತಿ ಇತ್ತು, ಆ ರಾತ್ರಿ ಎಲ್ಲಿದ್ದರೋ ಅಲ್ಲೇ ಲೆಕ್ಕ. ಫೆಬ್ರುವರಿ-ಮಾರ್ಚಿನ ಒಂದು ರಾತ್ರಿ ಕೊಡಗಿನಲ್ಲಿ ಗಂಡಸರ ಹಿಂಡೇ ಇರುತ್ತಿತ್ತು. ಈಗ ಬರುವವರು ಕುಟುಂಬದೊಂದಿಗೆ ಬರುತ್ತಾರೆ, ಇಲ್ಲಿಂದ ಕೆಲಸಕ್ಕೂ ಸೈನ್ಯಕ್ಕೂ ಹೋಗುವವರಲ್ಲಿ ಗಂಡಸರು ಹೆಚ್ಚು, ಮನೆಯಲ್ಲಿ ಉಳಿದ ಹಿರಿಯರಲ್ಲಿ ಹೆಂಗಸರು ಹೆಚ್ಚು ಕಾಲ ಬದುಕುತ್ತಾರೆ. ಆರು ವರ್ಷದೊಳಗಿನ ಮಕ್ಕಳ ಲಿಂಗಾನುಪಾತ 2011ರಲ್ಲಿ 978 ಇತ್ತು. ಅದು ಒಳ್ಳೆಯ ಅಂಕಿಯೇ, ಆದರೆ ಸಾವಿರ ದಾಟಿಲ್ಲ. ಅಂದರೆ 1,019 ಹುಟ್ಟಿನಿಂದ ಬಂದದ್ದಲ್ಲ, ದೊಡ್ಡವರ ವಯಸ್ಸಿನಲ್ಲಿ ಕೂಡಿಕೊಂಡದ್ದು. ಹೆಣ್ಣುಮಗುವಿನ ಸ್ಥಿತಿ ತಿಳಿಯಬೇಕಿದ್ದರೆ ಮಕ್ಕಳ ಅನುಪಾತ ನೋಡಬೇಕು, ಒಟ್ಟು ಅನುಪಾತ ಬಹುಮಟ್ಟಿಗೆ ವಲಸೆಯ ಕತೆ ಹೇಳುತ್ತದೆ.

ವಯೋರಚನೆಯೂ ಹೀಗೆಯೇ. ಜನಸಂಖ್ಯಾ ಪಿರಮಿಡ್ಡು ಎಂದರೆ ಮಕ್ಕಳನ್ನು ತಳದಲ್ಲೂ ಮುದುಕರನ್ನು ತುದಿಯಲ್ಲೂ ಇಟ್ಟು ವಯಸ್ಸಿನ ಪ್ರಕಾರ ಜನರನ್ನು ಜೋಡಿಸಿದ ಚಿತ್ರ. ಅದನ್ನು ಬಿಡಿಸುವಾಗ ಒಂದು ಐನ್‌ಮನೆಯ ಪಿರಮಿಡ್ಡನ್ನೂ ಪಕ್ಕದ ಲೈನ್‌ಮನೆಯ ಪಿರಮಿಡ್ಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದರ ತುದಿ ದಪ್ಪ, ನಡು ಸಣ್ಣ. ಇನ್ನೊಂದರಲ್ಲಿ ತುದಿಯೇ ಇಲ್ಲ, ಅಜ್ಜ-ಅಜ್ಜಿ ಬಹಳ ದೂರದ ಊರಿನಲ್ಲಿ ಉಳಿದಿದ್ದಾರೆ. ದುಡಿಯುವ ವಯಸ್ಸಿನವರ ಮೇಲೆ ಎಷ್ಟು ಮಕ್ಕಳ, ಎಷ್ಟು ಮುದುಕರ ಭಾರ ಎಂಬ ಅವಲಂಬನ ಅನುಪಾತವನ್ನು ಎರಡಕ್ಕೂ ಬೇರೆಬೇರೆ ತೆಗೆದರೆ ಎರಡು ಬೇರೆ ಜಿಲ್ಲೆಗಳೇ ಸಿಗುತ್ತವೆ. ಸರಾಸರಿ ತೆಗೆದರೆ ಎರಡೂ ಕಾಣೆ.

ವಲಸೆಯ ಸಿದ್ಧಾಂತಗಳಲ್ಲಿ ಎರಡು ಸಾಕು. ಮೊದಲನೆಯದು ರಾವೆನ್‌ಸ್ಟೈನ್ ಅವರದು, 1885. ಹೆಚ್ಚಿನವರು ಹತ್ತಿರಕ್ಕೇ ವಲಸೆ ಹೋಗುತ್ತಾರೆ, ಪ್ರತಿ ಪ್ರವಾಹಕ್ಕೂ ಎದುರು ಪ್ರವಾಹ ಇರುತ್ತದೆ, ಸಣ್ಣ ದೂರದ ವಲಸೆಯಲ್ಲಿ ಹೆಂಗಸರೇ ಹೆಚ್ಚು ಎಂದು ಅವರು ಬ್ರಿಟನ್ನಿನ ಜನಗಣತಿ ನೋಡಿ ಬರೆದರು. ಮೂರನೆಯದನ್ನು ನಮ್ಮ ಜನಗಣತಿ ಇಂದಿಗೂ ತೋರಿಸುತ್ತದೆ, ಹೆಂಗಸರ ವಲಸೆಗೆ ದೊಡ್ಡ ಕಾರಣ ಮದುವೆ. ಕೊಪ್ಪದಿಂದ ಕಾವೇರಿ ಸೇತುವೆ ದಾಟಿ ಕುಶಾಲನಗರಕ್ಕೆ ಸೊಸೆಯಾಗಿ ಬಂದವಳು ಗಣತಿಯಲ್ಲಿ ಅಂತರಜಿಲ್ಲಾ ವಲಸಿಗಳು. ಅವಳ ತವರಿನ ದನ ಕರೆದರೆ ಇಲ್ಲಿಗೆ ಕೇಳಿಸೀತು, ಆದರೂ ಜಿಲ್ಲೆ ಬೇರೆ. ಅದೇ ಭಾಗಮಂಡಲದಿಂದ ಕುಟ್ಟಕ್ಕೆ ಹೋದವಳು ಜಿಲ್ಲೆಯೊಳಗಿನ ವಲಸಿಗಳು, ದೂರ ಎಷ್ಟೋ ಪಟ್ಟು ಹೆಚ್ಚು. ಅದೇ ಸೇತುವೆಯಾಚೆ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ನೆಲೆಸಿದ ಟಿಬೆಟಿಯನ್ನರು ಕುಶಾಲನಗರದ ಪೇಟೆಯಲ್ಲಿ ವ್ಯಾಪಾರ ಮಾಡಿದರೂ ಲೆಕ್ಕಕ್ಕೆ ಮೈಸೂರು ಜಿಲ್ಲೆಯವರು. ಗಡಿ ಎಲ್ಲಿ ಹಾಕಿದ್ದೇವೆ ಎಂಬುದೇ ಅಂಕಿಯನ್ನು ಅರ್ಧ ನಿರ್ಧರಿಸುತ್ತದೆ.

ಎರಡನೆಯದು ಎವರೆಟ್ ಲೀ ಅವರದು, 1966. ಬಿಡುವ ಊರಿನಲ್ಲೂ ಸೇರುವ ಊರಿನಲ್ಲೂ ಒಳ್ಳೆಯದು, ಕೆಟ್ಟದ್ದು ಎರಡೂ ಇರುತ್ತವೆ, ಮಧ್ಯೆ ಅಡೆತಡೆಗಳಿರುತ್ತವೆ, ಅವನ್ನು ಒಬ್ಬೊಬ್ಬರು ಒಂದೊಂದು ರೀತಿ ತೂಗುತ್ತಾರೆ. ಪಠ್ಯದಲ್ಲಿ ಇದು ತಳ್ಳುವ ಅಂಶ, ಸೆಳೆಯುವ ಅಂಶ ಎಂದು ಎರಡು ಪಟ್ಟಿಯಾಗಿ ಉಳಿದುಕೊಂಡಿದೆ, ಅಡೆತಡೆಯ ಭಾಗ ಬಿಟ್ಟೇಹೋಗಿದೆ. ಅಸ್ಸಾಮಿನಿಂದ ಕೊಡಗಿಗೆ ಎರಡೂವರೆ ಸಾವಿರ ಕಿಲೋಮೀಟರ್‌ಗೂ ಹೆಚ್ಚು. ಆ ತಡೆಯನ್ನು ದಾಟಿಸಿದ್ದು ರೈಲು, ಮೊಬೈಲು ಮತ್ತು ಮೊದಲು ಬಂದವನೊಬ್ಬ. ಅವನು ಇಬ್ಬರನ್ನು ಕರೆದ, ಅವರು ನಾಲ್ವರನ್ನು ಕರೆದರು, ಮೇಸ್ತ್ರಿಗೆ ಹೊಸ ಗ್ಯಾಂಗ್ ಸಿಕ್ಕಿತು. ಇದಕ್ಕೆ ಸರಪಳಿ ವಲಸೆ ಎಂದು ಹೆಸರು. ಒಂದೇ ತೋಟದ ಲೈನ್‌ಮನೆಯಲ್ಲಿರುವವರ ಊರು ವಿಚಾರಿಸಿದರೆ ಎಷ್ಟೋ ಸಲ ಒಂದೇ ಹಳ್ಳಿ ಸಿಗುವುದು ಇದಕ್ಕೇ.

ಒಂದು ಎಚ್ಚರಿಕೆ. ಈ ಪಾಠದಲ್ಲಿ "ಹೊರಗಿನವರು" ಎಂಬ ಮಾತು ಬಂದೇ ಬರುತ್ತದೆ, ತರಗತಿಯಲ್ಲಿ ಅಂಥವರ ಮಕ್ಕಳೂ ಕೂತಿರುತ್ತಾರೆ. ತೋಟಗಳು ಶುರುವಾದ 1850ರ ದಶಕದಿಂದ ಕೊಡಗಿಗೆ ಜನ ಬರುತ್ತಲೇ ಇದ್ದಾರೆ ಎಂಬುದನ್ನು ಮೊದಲೇ ಹೇಳಿಬಿಡಿ. ಕಾಡನ್ನೇ ನಂಬಿದ್ದ ಯರವರು, ಜೇನುಕುರುಬರ ಕಡೆಯಿಂದ ನೋಡಿದರೆ ಯಾರು ಯಾವಾಗ ಬಂದರು ಎಂಬ ಪಟ್ಟಿ ಇನ್ನೂ ಉದ್ದವಾಗುತ್ತದೆ.

ಭಾಷೆಯ ಅಂಕಿಗಳನ್ನು ಓದುವಾಗಲೂ ತಾಳ್ಮೆ ಬೇಕು. ಕೊಡವ ತಕ್ಕನ್ನು ಮಾತೃಭಾಷೆಯೆಂದು ಬರೆಸಿದವರು ದೇಶದಲ್ಲಿ 2001ರಲ್ಲಿ 1,66,187, 2011ರಲ್ಲಿ 1,13,857. ಹತ್ತೇ ವರ್ಷದಲ್ಲಿ ಐವತ್ತು ಸಾವಿರ ಜನ ಸತ್ತೂ ಹೋಗಲಿಲ್ಲ, ಭಾಷೆ ಮರೆತೂ ಹೋಗಲಿಲ್ಲ. ಯಾರು ಏನು ಹೇಳಿದರು, ಗಣತಿದಾರರು ಏನು ಬರೆದುಕೊಂಡರು, ಆಮೇಲೆ ಅದನ್ನು ಯಾವ ಹೆಸರಿನಡಿ ಸೇರಿಸಿದರು ಎಂಬುದನ್ನು ವಿಚಾರಿಸದೆ ಇಂಥ ಅಂಕಿಯಿಂದ ಭಾಷೆಯ ಅಳಿವು-ಉಳಿವಿನ ತೀರ್ಮಾನಕ್ಕೆ ಹಾರಬಾರದು.

ಇದೆಲ್ಲ ಏಕೆ ತಿಳಿಯಬೇಕು ಎಂದು ಮಕ್ಕಳು ಕೇಳಿದರೆ ಎರಡು ಉದಾಹರಣೆ ಕೊಡಿ. ಕೊಡಗಿನಲ್ಲಿ ಮೂರು ವಿಧಾನಸಭಾ ಕ್ಷೇತ್ರಗಳಿದ್ದವು, ಮಡಿಕೇರಿ, ವಿರಾಜಪೇಟೆ ಮತ್ತು ನಿಮ್ಮದೇ ಸೋಮವಾರಪೇಟೆ. 2001ರ ಜನಗಣತಿಯ ಆಧಾರದ ಮೇಲೆ ಕ್ಷೇತ್ರ ಮರುವಿಂಗಡಣೆಯಾಗಿ 2008ರ ಚುನಾವಣೆಯಿಂದ ಎರಡೇ ಉಳಿದವು. ಸೋಮವಾರಪೇಟೆ ಹೆಸರಿನ ಕ್ಷೇತ್ರವೇ ಇಲ್ಲವಾಯಿತು. ಲೋಕಸಭೆಗೆ ಮಂಗಳೂರಿನ ಜೊತೆಗಿದ್ದ ಜಿಲ್ಲೆ ಮೈಸೂರಿನ ಜೊತೆ ಸೇರಿತು. ತಲೆ ಎಣಿಸಿ ಕುರ್ಚಿ ಹಂಚುವ ವ್ಯವಸ್ಥೆಯಲ್ಲಿ ನಿಧಾನವಾಗಿ ಬೆಳೆಯುವ ಜಿಲ್ಲೆಯ ದನಿ ತಗ್ಗುತ್ತದೆ. ಎರಡನೆಯದು ಮಡಿಕೇರಿ ಪಟ್ಟಣ. 2011ರಲ್ಲಿ ಅಲ್ಲಿನ ಜನಸಂಖ್ಯೆ 33,381. ಕಸ, ನೀರು, ರಸ್ತೆಯ ಲೆಕ್ಕ ಶುರುವಾಗುವುದು ಈ ಅಂಕಿಯಿಂದ. ಆದರೆ ಸಾಲು ರಜೆ ಬಂದರೆ ರಾಜಾಸೀಟಿನ ಸುತ್ತ ನಿಲ್ಲಲು ಜಾಗವಿಲ್ಲ, ಹೋಂಸ್ಟೇಗಳೆಲ್ಲ ಭರ್ತಿ. ವಾಸವಿರುವ ಜನ ಬೇರೆ, ಆ ಹೊತ್ತಿಗೆ ಅಲ್ಲಿರುವ ಜನ ಬೇರೆ. ಕಸ ಹಾಕುವವರು ಎರಡನೆಯ ಗುಂಪು, ಅನುದಾನ ಬರುವುದು ಮೊದಲನೆಯ ಗುಂಪಿನ ಲೆಕ್ಕದಲ್ಲಿ.

ಇನ್ನು ಮಕ್ಕಳಿಂದ ಮಾಡಿಸುವ ಕೆಲಸ. ಪ್ರತಿಯೊಬ್ಬರೂ ತಮ್ಮ ಮನೆಯದೊಂದೇ ಲೆಕ್ಕ ತರಲಿ. ಅಜ್ಜ-ಅಜ್ಜಿ ಹುಟ್ಟಿದ ಊರು, ಅಪ್ಪ-ಅಮ್ಮ ಹುಟ್ಟಿದ ಊರು, ಈ ಮನೆಗೆ ಬಂದ ವರ್ಷ ಮತ್ತು ಕಾರಣ, ಮನೆಯಿಂದ ಹೊರಗೆ ಹೋಗಿ ನೆಲೆಸಿದವರು ಎಲ್ಲಿದ್ದಾರೆ, ಅವರ ವಯಸ್ಸು, ಗಂಡೋ ಹೆಣ್ಣೋ. ಜಾತಿ, ಆದಾಯ, ಭೂಮಿಯ ಪ್ರಶ್ನೆ ಬೇಡ, ಹಾಳೆಯ ಮೇಲೆ ಹೆಸರೂ ಬೇಡ. ಎಲ್ಲ ಹಾಳೆ ಕೂಡಿಸಿ ಕರ್ನಾಟಕ, ಕೇರಳ, ತಮಿಳುನಾಡಿನ ಒಂದು ನಕ್ಷೆಯ ಮೇಲೆ ಬಂದವರಿಗೆ ಒಂದು ಬಣ್ಣದ ಬಾಣ, ಹೋದವರಿಗೆ ಇನ್ನೊಂದು ಬಣ್ಣದ ಬಾಣ ಹಾಕಿಸಿ. ಅಸ್ಸಾಂ, ಬಂಗಾಳದ ಬಾಣಗಳಿಗೆ ಪಕ್ಕದಲ್ಲಿ ಭಾರತದ ಸಣ್ಣ ನಕ್ಷೆ ಅಂಟಿಸಿದರಾಯಿತು.

2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದೆ ಹೋಗಿ, ಮುಂದಿನದಕ್ಕೆ 2027ರ ಮಾರ್ಚ್ 1ನ್ನು ಆಧಾರ ದಿನವೆಂದು ಗೊತ್ತುಮಾಡಿದ್ದಾರೆ. ಅದರ ಅಂಕಿ ಬಂದಾಗ ಹಳೆಯದರ ಜೊತೆ ಹೋಲಿಸುವ ಮುನ್ನ ತಾಲ್ಲೂಕುಗಳನ್ನು ನೋಡಿಕೊಳ್ಳಿ. 2011ರಲ್ಲಿ ಮೂರೇ ಇದ್ದವು, ಈಗ ಕುಶಾಲನಗರ ಮತ್ತು ಪೊನ್ನಂಪೇಟೆ ಸೇರಿ ಐದು. ಹೊಸ ಸೋಮವಾರಪೇಟೆ ತಾಲ್ಲೂಕಿನ ಅಂಕಿಯನ್ನು ಹಳೆಯದಕ್ಕೆ ನೇರವಾಗಿ ಹೋಲಿಸಿದರೆ ಅರ್ಧ ತಾಲ್ಲೂಕೇ ಗುಳೆ ಹೋದಂತೆ ಕಾಣುತ್ತದೆ. ಗ್ರಾಮವಾರು ಪಟ್ಟಿ ತೆಗೆದು ಕುಶಾಲನಗರಕ್ಕೆ ಹೋದ ಊರುಗಳನ್ನು ಮತ್ತೆ ಕೂಡಿಸಿಕೊಂಡು ಆಮೇಲೆ ಹೋಲಿಸಿ.